ಮಾಟಗಾತಿ: ಒಂದು ಪದದ ಹುಟ್ಟು ಮತ್ತು ಅದರ ಭಾರ

ಮೂರು ವರ್ಷದ ಹಿಂದಿನ ಮಾತು. ಅಮಾವಾಸ್ಯೆಯ ಮರುದಿನ ಬೆಳಿಗ್ಗೆ ಶಾಲೆಗೆ ಹೊರಟಿದ್ದೆ. ಮೂರು ದಾರಿ ಕೂಡುವಲ್ಲಿ ಐದಾರು ಮಕ್ಕಳು ನಿಂತುಬಿಟ್ಟಿದ್ದರು. ಹತ್ತಿರ ಹೋಗಿ ನೋಡಿದರೆ, ಅರಿಶಿನ ಕುಂಕುಮ ಹಚ್ಚಿ ಎರಡು ಹೋಳು ಮಾಡಿದ ನಿಂಬೆಹಣ್ಣು, ಒಂದಿಷ್ಟು ಅನ್ನ, ಒಡೆದ ಗಡಿಗೆ. ನಾನು ಪಕ್ಕಕ್ಕೆ ಸರಿಸಲು ಬಗ್ಗಿದಾಗ ಒಬ್ಬ ಹುಡುಗ ನನ್ನ ಕೈ ಹಿಡಿದು, "ಮುಟ್ಟಬ್ಯಾಡ್ರಿ ಸಾರ್, ಮಾಟ ಮಾಡೌರೆ" ಎಂದ. "ಯಾರಪ್ಪ ಮಾಡಿದ್ದು?" ಎಂದು ಕೇಳಿದೆ. "ಕೊನೆ ಓಣಿ ಅಜ್ಜಿ ಐತಲ್ಲ ಸಾರ್, ಅದು ಮಾಟಗಾತಿ." ಪಕ್ಕದಲ್ಲಿದ್ದ ಉರ್ದು ವಿಭಾಗದ ಹುಡುಗಿ ತಲೆಯಾಡಿಸಿ, "ಹೌದು ಸರ್, ಜಾದೂಗರ್ನಿ ಹೈ ಉನೋ" ಎಂದಳು. ಆಟದ ಬಯಲಿನಲ್ಲಿ ಚೆಂಡಿಗಾಗಿ ದಿನವೂ ಜಗಳವಾಡುವ ಎರಡು ಭಾಷೆಯ ಮಕ್ಕಳು ಈ ಒಂದು ವಿಷಯದಲ್ಲಿ ಮಾತ್ರ ಒಂದಾಗಿದ್ದರು.

ಅವರು ಹೇಳಿದ ಅಜ್ಜಿಯನ್ನು ನಾನು ಬಲ್ಲೆ. ಆ ವಿಷಯವನ್ನು ಕೊನೆಯಲ್ಲಿ ಹೇಳುತ್ತೇನೆ. ಅಂದು ತರಗತಿಯಲ್ಲಿ ಪಾಠದ ಪುಸ್ತಕ ಮುಚ್ಚಿಟ್ಟು, ಕಪ್ಪುಹಲಗೆಯ ಮೇಲೆ ಕನ್ನಡದಲ್ಲಿ "ಮಾಟಗಾತಿ" ಎಂದೂ ಉರ್ದುವಿನಲ್ಲಿ "ಜಾದೂಗರ್ನಿ" ಎಂದೂ ಬರೆದೆ. "ಈ ಪದಗಳು ಎಲ್ಲಿಂದ ಬಂದವು? ಇವುಗಳ ಅರ್ಥವೇನು?" ಎಂದು ಕೇಳಿದೆ. ಮಕ್ಕಳಿಗೆ ಗೊತ್ತಿರಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಪೂರ್ತಿ ಗೊತ್ತಿರಲಿಲ್ಲ. ಆಮೇಲೆ ನಿಘಂಟುಗಳನ್ನೂ ಇತಿಹಾಸದ ಪುಸ್ತಕಗಳನ್ನೂ ತಿರುವಿ ತಿಳಿದುಕೊಂಡದ್ದನ್ನು ನಮ್ಮ ಸಂಸ್ಥೆಯ ಸದಸ್ಯರು ಮತ್ತು ವಿದ್ಯಾರ್ಥಿಗಳ ಮುಂದೆ ಇಡುತ್ತಿದ್ದೇನೆ.

ಮಾಡುವವಳು

ಕನ್ನಡದಲ್ಲಿ ಓಡು ಎಂಬ ಕ್ರಿಯಾಪದದಿಂದ ಓಟ, ಆಡು ಎಂಬುದರಿಂದ ಆಟ, ನೋಡು ಎಂಬುದರಿಂದ ನೋಟ, ಕೂಡು ಎಂಬುದರಿಂದ ಕೂಟ, ಕಾಡು ಎಂಬುದರಿಂದ ಕಾಟ ಹುಟ್ಟಿವೆ. ಇದೇ ದಾರಿಯಲ್ಲಿ ಮಾಡು ಎಂಬುದರಿಂದ ಹುಟ್ಟಿದ ಪದವೇ ಮಾಟ. ಅಂದರೆ ಮಾಟ ಎಂಬುದರ ಮೊದಲ ಅರ್ಥ ಮಾಡುವಿಕೆ, ಕೆಲಸ ಎಂದಷ್ಟೆ. ಕೆಲಸ ಚೆನ್ನಾಗಿ ಆದರೆ ಅದರಲ್ಲಿ ಅಂದವಿರುತ್ತದೆ. ಆದ್ದರಿಂದ ಮಾಟ ಎಂದರೆ ರಚನೆಯ ಸೊಗಸು ಎಂಬ ಅರ್ಥವೂ ಬಂತು. ಇಂದಿಗೂ ನಾವು "ಮಾಟವಾದ ಮೂಗು" ಎನ್ನುತ್ತೇವೆ, "ಮೈಮಾಟ" ಎನ್ನುತ್ತೇವೆ. ಅಲ್ಲಿ ಮಂತ್ರವೂ ಇಲ್ಲ, ನಿಂಬೆಹಣ್ಣೂ ಇಲ್ಲ, ಇರುವುದು ಮೆಚ್ಚುಗೆ.

ಇನ್ನು "ಗಾತಿ" ಎಂಬ ಪ್ರತ್ಯಯ. ಕೆಲಸಗಾರ, ಹಾಡುಗಾರ ಮುಂತಾದ ಪದಗಳಲ್ಲಿರುವ "ಗಾರ" ಸಂಸ್ಕೃತದ "ಕಾರ" ಎಂಬುದರಿಂದ ಬಂದದ್ದು. ಕುಂಭಕಾರನು ಕುಂಬಾರನಾದ, ಚರ್ಮಕಾರನು ಚಮ್ಮಾರನಾದ. ಅದೇ ಕಾರ ಬೇರೆ ಪದಗಳಲ್ಲಿ ಗಾರ ಆಗಿ ಉಳಿಯಿತು. ಅದರ ಸ್ತ್ರೀಲಿಂಗ ರೂಪ ಗಾರ್ತಿ. ನಡುವಿನ ರಕಾರ ಬಿದ್ದರೆ ಗಾತಿ. ಹಾಡುಗಾರ್ತಿ, ಸೊಗಸುಗಾತಿ, ಬಿನ್ನಾಣಗಾತಿ ಎಲ್ಲವೂ ಒಂದೇ ಅಚ್ಚಿನವು. "ಕಾರ" ಎಂದರೂ ಮಾಡುವವನು ಎಂದೇ ಅರ್ಥ. ಹೀಗಾಗಿ ಮಾಟಗಾತಿ ಎಂಬ ಪದವನ್ನು ಬಿಡಿಸಿ ನೋಡಿದರೆ "ಮಾಡುವುದನ್ನು ಮಾಡುವವಳು" ಎಂದಾಗುತ್ತದೆ. ಪದದ ಒಡಲಲ್ಲಿ ಕೆಡುಕು ಎಂಬ ಅರ್ಥ ಎಲ್ಲಿಯೂ ಇಲ್ಲ. ಅದನ್ನು ಆಮೇಲೆ ನಾವು ಸೇರಿಸಿದ್ದು.

ನನ್ನ ತರಗತಿಯ ಒಬ್ಬ ಜಾಣ ಹುಡುಗ, "ಹಾಗಾದರೆ ಅಡುಗೆ ಮಾಡುವ ನಮ್ಮಮ್ಮನೂ ಮಾಟಗಾತಿಯೇ ಸಾರ್?" ಎಂದು ಕೇಳಿದ. ಎಲ್ಲರೂ ನಕ್ಕರು. ಆದರೆ ವ್ಯಾಕರಣದ ದೃಷ್ಟಿಯಿಂದ ಅವನ ಪ್ರಶ್ನೆಯಲ್ಲಿ ತಪ್ಪೇನಿರಲಿಲ್ಲ.

ದೂರದ ಭಾಷೆಗಳಲ್ಲೂ ಇದೇ ಬೇರು

ಇದು ಕನ್ನಡವೊಂದರ ವಿಶೇಷವಲ್ಲ. ಸಂಸ್ಕೃತದಲ್ಲಿ ಅಭಿಚಾರಕ್ಕೆ, ಅಂದರೆ ಇನ್ನೊಬ್ಬರಿಗೆ ಕೇಡು ಬಯಸಿ ಮಾಡುವ ಕ್ರಿಯೆಗೆ, "ಕೃತ್ಯಾ" ಎಂಬ ಪದವಿದೆ. ಅಥರ್ವವೇದದಲ್ಲಿ ಕೃತ್ಯೆಯನ್ನು ಹಿಂದಕ್ಕೆ ಕಳುಹಿಸುವ ಸೂಕ್ತಗಳೇ ಇವೆ. ಈ ಪದ ಬಂದದ್ದು "ಕೃ" ಎಂಬ ಧಾತುವಿನಿಂದ. ಅದರ ಅರ್ಥ ಮಾಡು. ಪಕ್ಕದ ಮರಾಠಿಯಲ್ಲಿ ಮಾಟಕ್ಕೆ "ಕರಣಿ" ಎನ್ನುತ್ತಾರೆ. ಅದೂ ಮಾಡು ಎಂಬುದರಿಂದಲೇ. ಉರ್ದುವಿನಲ್ಲಿ ಯಾರೋ ಮಾಟ ಮಾಡಿಸಿದ್ದಾರೆ ಎನ್ನಲು "ಕಿಯಾ ಕರಾಯಾ" ಎಂಬ ಮಾತಿದೆ. ಮಾಡಿದ್ದು, ಮಾಡಿಸಿದ್ದು ಎಂದು ಅದರ ನೇರ ಅರ್ಥ.

ಉರ್ದುವಿಗೆ ಅರಬಿಯಿಂದ ಬಂದ "ಅಮಲ್" ಎಂಬ ಪದವನ್ನು ನೋಡಿ. ಅಮಲ್ ಎಂದರೆ ಕರ್ಮ, ಆಚರಣೆ. ಸತ್ಕರ್ಮಕ್ಕೂ ಅಮಲ್ ಎನ್ನುತ್ತೇವೆ. ಹಳೆಯ ಮೈಸೂರು ಸಂಸ್ಥಾನದಲ್ಲಿ ತಾಲ್ಲೂಕಿನ ಅಧಿಕಾರಿಯನ್ನು ಅಮಲ್ದಾರ ಎನ್ನುತ್ತಿದ್ದುದು ಹಿರಿಯರಿಗೆ ನೆನಪಿರಬಹುದು. ಆಡಳಿತವನ್ನು ನಡೆಸುವವನು ಎಂದು ಅದರ ಅರ್ಥ. ಅದೇ ಪದಕ್ಕೆ ಮಂತ್ರಿಸುವ ಕ್ರಿಯೆ ಎಂಬ ಇನ್ನೊಂದು ಅರ್ಥವೂ ಅಂಟಿಕೊಂಡು, ಅಂಥ ಕ್ರಿಯೆ ನಡೆಸುವವನು "ಆಮಿಲ್" ಆದ.

ಇನ್ನೂ ದೂರ ಹೋಗೋಣ. ಸ್ಪ್ಯಾನಿಷ್ ಭಾಷೆಯಲ್ಲಿ ಮಾಟಗಾತಿಗೆ "ಎಚಿಸೆರಾ" ಎನ್ನುತ್ತಾರೆ. ಪೋರ್ಚುಗೀಸರು ಮಾಟದ ವಸ್ತುವಿಗೆ "ಫೆಯ್ಟಿಸೊ" ಎಂದರು. ಎರಡೂ ಲ್ಯಾಟಿನ್ನಿನ "ಫಾಕೆರೆ", ಅಂದರೆ ಮಾಡು ಎಂಬ ಕ್ರಿಯಾಪದದ ಸಂತಾನ. ಇಂಗ್ಲಿಷಿನ ಫೆಟಿಶ್ ಎಂಬ ಪದವೂ ಈ ಪೋರ್ಚುಗೀಸ್ ಪದದಿಂದಲೇ ಬಂದದ್ದು. ಪರಸ್ಪರ ಮುಖವನ್ನೇ ನೋಡದ ಜನಾಂಗಗಳು ಮಾಟಕ್ಕೆ ಹೆಸರಿಡುವಾಗ ಒಂದೇ ರೀತಿ ಯೋಚಿಸಿವೆ. ಏಕೆ? ಕಣ್ಣಿಗೆ ಕಾಣುವ ಕೆಲಸಕ್ಕೆ ಉಳುವುದು, ನೇಯುವುದು, ಕುಟ್ಟುವುದು ಎಂಬ ಹೆಸರುಗಳಿವೆ. ಕಾಣದ, ಹೆಸರಿಡಲು ಅಂಜಿಕೆಯಾಗುವ ಕೆಲಸಕ್ಕೆ ಜನರು "ಏನೋ ಮಾಡಿದ್ದಾರೆ" ಎಂದಷ್ಟೇ ಹೇಳುತ್ತಾರೆ. ನಮ್ಮ ಹಳ್ಳಿಗಳಲ್ಲಿ ಇಂದಿಗೂ "ಅವರ ಮನೆಗೆ ಯಾರೋ ಏನೋ ಮಾಡೌರೆ" ಎಂದು ದನಿ ತಗ್ಗಿಸಿ ಹೇಳುವುದನ್ನು ಕೇಳಿದ್ದೇವೆ. ಆ ತಗ್ಗಿದ ದನಿಯೇ ಮಾಟ ಎಂಬ ಪದಕ್ಕೆ ಕೆಡುಕಿನ ಅರ್ಥ ತಂದುಕೊಟ್ಟಿತೆಂದು ನನಗೆ ತೋರುತ್ತದೆ.

ಜಾದೂ ಮತ್ತು ಯಾತು

ಈಗ ಉರ್ದು ಹುಡುಗಿಯ "ಜಾದೂಗರ್ನಿ". ಜಾದೂ ಪಾರಸಿ ಪದ. ಪ್ರಾಚೀನ ಇರಾನಿನ ಅವೆಸ್ತಾ ಭಾಷೆಯಲ್ಲಿ ಅದು "ಯಾತು" ಎಂಬ ರೂಪದಲ್ಲಿತ್ತು. ಋಗ್ವೇದದ ಸಂಸ್ಕೃತದಲ್ಲಿಯೂ ಅದೇ ಪದ ಇದೆ: ಯಾತು, ಯಾತುಧಾನ. ಯಾತುಧಾನ ಎಂದರೆ ಮಾಟಗಾರ ಅಥವಾ ದುಷ್ಟಶಕ್ತಿ. ಒಂದೇ ತಾಯಿಯ ಮಗುವೊಂದು ಇರಾನಿನಲ್ಲಿ ಬೆಳೆದು, ಪಾರಸಿಯ ಜೊತೆ ದಖನ್ನಿಗೆ ಬಂದು ನಮ್ಮ ಮನೆಮಾತಾಯಿತು. ಜಾದೂಗರ್ ಎಂಬುದರ "ಗರ್" ಕೂಡ ಮಾಡುವವನು ಎಂಬ ಅರ್ಥದ ಪ್ರತ್ಯಯವೇ. ಬಾಜೀಗರ್, ಸೌದಾಗರ್ ಪದಗಳಲ್ಲಿ ಅದನ್ನು ಕಾಣಬಹುದು. ಪಾರಸಿಯ ಗರ್ ಮತ್ತು ಸಂಸ್ಕೃತದಿಂದ ಕನ್ನಡಕ್ಕೆ ಬಂದ ಗಾರ ಮೂಲದಲ್ಲಿ ದಾಯಾದಿಗಳು. ಹಲಗೆಯ ಮೇಲೆ ಬಲದಿಂದ ಎಡಕ್ಕೆ ಬರೆದ ಪದವೂ ಎಡದಿಂದ ಬಲಕ್ಕೆ ಬರೆದ ಪದವೂ ಒಳಗೆ ಒಂದೇ ಮಾತನ್ನು ಹೇಳುತ್ತಿದ್ದವು.

ಋಗ್ವೇದದ ಏಳನೆಯ ಮಂಡಲದ 104ನೆಯ ಸೂಕ್ತದಲ್ಲಿ ಒಂದು ಮನಕಲಕುವ ಪ್ರಸಂಗವಿದೆ. ಅಲ್ಲಿ ಮಾತನಾಡುವವನ ಮೇಲೆ ಯಾರೋ "ನೀನು ಯಾತುಧಾನ" ಎಂಬ ಆರೋಪ ಹೊರಿಸಿದ್ದಾರೆ. ಅವನು ಆಣೆಯಿಡುತ್ತಾನೆ: ನಾನು ಹಾಗಿದ್ದರೆ ಇಂದೇ ಸಾಯುತ್ತೇನೆ, ಇಲ್ಲದಿದ್ದರೆ, ಸುಳ್ಳಾಗಿ ನನ್ನನ್ನು ಹಾಗೆ ಕರೆದವನು ತನ್ನ ಹತ್ತು ಮಂದಿ ವೀರ ಪುತ್ರರನ್ನು ಕಳೆದುಕೊಳ್ಳಲಿ ಎಂಬುದು ಅವನ ಮಾತಿನ ಸಾರಾಂಶ. ಪರಂಪರೆ ಈ ಮಾತನ್ನು ವಸಿಷ್ಠ ಋಷಿಯದೆಂದು ಹೇಳುತ್ತದೆ. ಮೂರು ಸಾವಿರ ವರ್ಷಗಳಷ್ಟು ಹಿಂದೆಯೇ ಒಬ್ಬ ಮನುಷ್ಯ ಈ ಒಂದು ಪದದ ಏಟಿಗೆ ಹೀಗೆ ಒದ್ದಾಡಿದ್ದಾನೆ.

ಬಾಬಿಲೋನಿಯಾದ ದೊರೆ ಹಮ್ಮುರಾಬಿಯ ಶಾಸನವನ್ನು ಇತಿಹಾಸದ ವಿದ್ಯಾರ್ಥಿಗಳು ಓದಿರುತ್ತಾರೆ. ಕ್ರಿಸ್ತಪೂರ್ವ 18ನೆಯ ಶತಮಾನದ ಆ ಕಲ್ಲು ಇಂದು ಪ್ಯಾರಿಸಿನ ಲೂವ್ರ್ ಸಂಗ್ರಹಾಲಯದಲ್ಲಿದೆ. ಅದರ ಎರಡನೆಯ ಕಾನೂನೇ ಮಾಟದ ಆರೋಪದ ಕುರಿತಾದದ್ದು. ಆರೋಪಕ್ಕೆ ಒಳಗಾದವನು ನದಿಗೆ ಧುಮುಕಬೇಕು. ಅವನು ಬದುಕಿ ಬಂದರೆ ಆರೋಪ ಹೊರಿಸಿದವನಿಗೆ ಮರಣದಂಡನೆ, ಅವನ ಮನೆ ಬದುಕಿದವನಿಗೆ. ನದಿಯ ಪರೀಕ್ಷೆಯನ್ನು ನಾವು ಇಂದು ನ್ಯಾಯ ಎನ್ನಲಾರೆವು. ಆದರೆ ಸುಳ್ಳು ಆರೋಪವೂ ಮಾಟದಷ್ಟೇ ಘೋರ ಅಪರಾಧ ಎಂಬ ಅರಿವು ಅಂದಿನ ದೊರೆಗೆ ಇತ್ತು.

ಯಕ್ಷಿಣಿ ಮತ್ತು ಹಿಡಿಂಬಿ

ನಮ್ಮ ನಾಡಿನಲ್ಲಿ ಅದ್ಭುತ ಶಕ್ತಿಯ ಹೆಣ್ಣಿಗೆ ಇನ್ನೊಂದು ಹೆಸರೂ ಇತ್ತು, ಯಕ್ಷಿ ಅಥವಾ ಯಕ್ಷಿಣಿ. ಜೈನ ಪರಂಪರೆಯಲ್ಲಿ ಪ್ರತಿಯೊಬ್ಬ ತೀರ್ಥಂಕರರಿಗೂ ಸೇವೆಯಲ್ಲಿರುವ ಯಕ್ಷ ಮತ್ತು ಯಕ್ಷಿಯರಿದ್ದಾರೆ. ಶಿವಮೊಗ್ಗ ಜಿಲ್ಲೆಯ ಹೊಂಬುಜದ ಪದ್ಮಾವತಿ, ಚಿಕ್ಕಮಗಳೂರು ಜಿಲ್ಲೆಯ ನರಸಿಂಹರಾಜಪುರದ ಜ್ವಾಲಾಮಾಲಿನಿ ಇಂದಿಗೂ ಪೂಜೆಗೊಳ್ಳುತ್ತಿರುವ ಯಕ್ಷಿಯರು. ಇಂದ್ರನಂದಿ ಎಂಬ ಮುನಿಯು ಕ್ರಿ.ಶ. 939ರಲ್ಲಿ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟದಲ್ಲಿ, ಅಂದರೆ ಈಗಿನ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ, ಜ್ವಾಲಾಮಾಲಿನಿಯ ಆರಾಧನೆ ಕುರಿತು ಗ್ರಂಥ ಬರೆದನು. ಮಂತ್ರಶಕ್ತಿಯುಳ್ಳ ಹೆಣ್ಣು ಇಲ್ಲಿ ಕಾಯುವ ದೇವತೆ. ಅದೇ ಯಕ್ಷಿ ಕೇರಳದ ಜನಪದ ಕಥೆಗಳಲ್ಲಿ ರಾತ್ರಿ ದಾರಿಹೋಕರನ್ನು ಮರುಳು ಮಾಡಿ ರಕ್ತ ಹೀರುವವಳಾದಳು. ಕನ್ನಡದಲ್ಲಿ ಆಕೆಯ ಹೆಸರು ಕೈಚಳಕದ ಆಟಕ್ಕೆ ಅಂಟಿಕೊಂಡಿತು. ಟೋಪಿಯಿಂದ ಮೊಲ ತೆಗೆಯುವವನನ್ನು ನಾವು ಯಕ್ಷಿಣಿಗಾರ ಎನ್ನುತ್ತೇವೆ. ಒಂದೇ ಪದ ಒಂದು ಕಡೆ ದೇವತೆ, ಒಂದು ಕಡೆ ಪಿಶಾಚಿ, ಇನ್ನೊಂದು ಕಡೆ ಮಕ್ಕಳ ಮನರಂಜನೆ. ಪದದಲ್ಲಿ ದೋಷವಿದ್ದರೆ ಎಲ್ಲ ಕಡೆಯೂ ಇರಬೇಕಿತ್ತು.

ನಮ್ಮ ಜಿಲ್ಲೆಯದೇ ಉದಾಹರಣೆ ಬೇಕೆಂದರೆ ಚಿತ್ರದುರ್ಗದ ಕೋಟೆಗೆ ಹೋಗೋಣ. ಶಾಲಾ ಪ್ರವಾಸದಲ್ಲಿ ನೀವು ಹಿಡಿಂಬೇಶ್ವರ ದೇವಾಲಯವನ್ನು ನೋಡಿರಬಹುದು. ಈ ಬೆಟ್ಟ ಹಿಡಿಂಬಾಸುರನ ನೆಲೆಯಾಗಿತ್ತೆಂದೂ ಭೀಮಸೇನ ಅವನನ್ನು ಇಲ್ಲಿ ಕೊಂದನೆಂದೂ ಐತಿಹ್ಯವಿದೆ. ಅವನ ಹಲ್ಲು ಎಂದು ಹೇಳುವ ದೊಡ್ಡ ಎಲುಬಿನ ತುಂಡನ್ನು ಆ ಗುಡಿಯಲ್ಲಿ ತೋರಿಸುತ್ತಾರೆ. ಹಿಡಿಂಬನ ತಂಗಿ ಹಿಡಿಂಬಿ ಬಯಸಿದ ರೂಪ ತಾಳಬಲ್ಲ ಮಾಯಾವಿನಿ. ಭೀಮನನ್ನು ಮೆಚ್ಚಿ ಸುಂದರಿಯ ರೂಪದಲ್ಲಿ ಎದುರು ಬಂದಳು, ಅಣ್ಣ ತಮ್ಮನ್ನು ಕೊಲ್ಲಲು ಬರುತ್ತಿದ್ದಾನೆಂದು ಪಾಂಡವರನ್ನು ಎಚ್ಚರಿಸಿದಳು, ಮುಂದೆ ಘಟೋತ್ಕಚನ ತಾಯಿಯಾದಳು. ಆಕೆಯ ಮಾಯೆಯಿಂದ ಪಾಂಡವರಿಗೆ ಆದದ್ದು ಉಪಕಾರವೇ. ಹಿಮಾಚಲ ಪ್ರದೇಶದ ಮನಾಲಿಯಲ್ಲಿ 1553ರಲ್ಲಿ ಕಟ್ಟಿದ ಮರದ ಗುಡಿಯಲ್ಲಿ ಆಕೆಯನ್ನು ದೇವಿಯೆಂದು ಪೂಜಿಸುತ್ತಾರೆ. ನಮ್ಮ ಕಡೆ ಯಾರಾದರೂ ಜಗಳಗಂಟಿ ಹೆಂಗಸನ್ನು ಬೈಯಬೇಕಾದರೆ "ಹಿಡಿಂಬಿ" ಎನ್ನುತ್ತಾರೆ. ದೂರದವರಿಗೆ ದೇವಿ, ಹತ್ತಿರದವರಿಗೆ ಬೈಗುಳ!

ಗಂಡಿಗೆ ಬಿರುದು, ಹೆಣ್ಣಿಗೆ ಬೈಗುಳ

ಈ ಎಲ್ಲವನ್ನೂ ಪಟ್ಟಿ ಮಾಡುವಾಗ ನನಗೆ ಇನ್ನೊಂದು ವಿಷಯ ಹೊಳೆಯಿತು. ವರಕವಿ ಬೇಂದ್ರೆಯವರನ್ನು ನಾವು "ಶಬ್ದಗಾರುಡಿಗ" ಎಂದು ಗೌರವದಿಂದ ಕರೆಯುತ್ತೇವೆ. ಗಾರುಡಿಗ ಎಂದರೆ ಮೂಲತಃ ಹಾವಿನ ವಿಷ ಇಳಿಸುವ ಮಂತ್ರಗಾರ. ಉರ್ದುವಿನ ದೊಡ್ಡ ಕವಿ ಅಬ್ದುಲ್ ಹಯೀ ಅವರು "ಸಾಹಿರ್" ಎಂಬ ಕಾವ್ಯನಾಮ ಇಟ್ಟುಕೊಂಡು ಸಾಹಿರ್ ಲುಧಿಯಾನ್ವಿ ಎಂದು ಹೆಸರಾದರು. ಸಾಹಿರ್ ಎಂದರೆ ಅರಬಿಯಲ್ಲಿ ಮಾಟಗಾರ. ಪತ್ರಿಕೆಗಳು ಕ್ರಿಕೆಟ್ ಆಟಗಾರನನ್ನು ಸ್ಪಿನ್ ಮಾಂತ್ರಿಕ ಎಂದು ಹೊಗಳುತ್ತವೆ. ಆದರೆ ಯಾವ ಕವಯಿತ್ರಿಯನ್ನಾದರೂ ಯಾರಾದರೂ "ಶಬ್ದದ ಮಾಟಗಾತಿ" ಎಂದು ಸನ್ಮಾನ ಪತ್ರದಲ್ಲಿ ಬರೆದದ್ದುಂಟೆ? ಗಂಡಿಗೆ ಬಿರುದಾಗುವ ಪದ ಹೆಣ್ಣಿಗೆ ಬೈಗುಳವಾಗುತ್ತದೆ. ಇಂಗ್ಲಿಷಿನಲ್ಲಿಯೂ ಹೀಗೆಯೇ. ವಿಜರ್ಡ್ ಎಂಬುದು ಜ್ಞಾನಿ ಎಂಬ ಅರ್ಥದ ವೈಸ್ ಎಂಬುದರಿಂದ ಬಂದ ಪದ, ಗಣಿತದಲ್ಲಿ ಚುರುಕಾದ ಹುಡುಗನಿಗೂ ಅದನ್ನು ಬಳಸುತ್ತಾರೆ. ವಿಚ್ ಎಂಬುದು ನಿಂದೆಯಾಗಿಯೇ ಉಳಿದಿದೆ.

ಇದು ಬರೀ ಮಾತಿನ ವ್ಯತ್ಯಾಸವಾಗಿ ಉಳಿಯಲಿಲ್ಲ. 1486ರ ಸುಮಾರಿಗೆ ಜರ್ಮನಿಯಲ್ಲಿ "ಮಾಲಿಯಸ್ ಮಾಲೆಫಿಕಾರಮ್" ಎಂಬ ಲ್ಯಾಟಿನ್ ಪುಸ್ತಕ ಅಚ್ಚಾಯಿತು. ಮಾಲೆಫಿಕಾ ಎಂದರೆ ಕೆಟ್ಟದ್ದನ್ನು ಮಾಡುವವಳು. ಇಲ್ಲಿಯೂ ಅದೇ "ಮಾಡು" ಇದೆ, ಅದರ ಮುಂದೆ "ಕೆಟ್ಟದ್ದು" ಸೇರಿದೆ. ಆ ಹೆಸರಿನಲ್ಲಿರುವುದು ಸ್ತ್ರೀಲಿಂಗದ ಬಹುವಚನ. ಕೆಡುಕು ಮಾಡುವ ಹೆಂಗಸರ ಮೇಲಿನ ಸುತ್ತಿಗೆ ಎಂದು ಅರ್ಥ. ಒಂದು ಲಿಂಗಪ್ರತ್ಯಯದಲ್ಲಿಯೇ ಅಪರಾಧಿ ಯಾರೆಂಬುದು ತೀರ್ಮಾನವಾಗಿಹೋಗಿತ್ತು. ಮುಂದಿನ ಮುನ್ನೂರು ವರ್ಷಗಳಲ್ಲಿ ಯುರೋಪಿನಲ್ಲಿ ಈ ಆರೋಪದ ಮೇಲೆ ಸುಮಾರು 40ರಿಂದ 60 ಸಾವಿರ ಮಂದಿಯನ್ನು ಕೊಂದರೆಂದು ಇತಿಹಾಸಕಾರರ ಅಂದಾಜು. ಅವರಲ್ಲಿ ಬಹುಪಾಲು ಹೆಂಗಸರು. ಅಮೆರಿಕದ ಸೇಲಂ ಎಂಬಲ್ಲಿ 1692ರಲ್ಲಿ 19 ಮಂದಿಯನ್ನು ನೇಣಿಗೇರಿಸಿದರು. ಅಲ್ಲಿ ಮೊದಲ ಆರೋಪಗಳು ಬಂದದ್ದು ಎಳೆಯ ಹುಡುಗಿಯರ ಬಾಯಿಂದ ಎಂಬುದನ್ನು ನಮ್ಮ ವಿದ್ಯಾರ್ಥಿಗಳು ನೆನಪಿಡಬೇಕು.

ನಮ್ಮ ದೇಶವೂ ಹೊರತಲ್ಲ. ಜಾರ್ಖಂಡಿನ ಛುಟ್ನಿ ಮಹತೋ ಅವರನ್ನು 1995ರಲ್ಲಿ ಊರವರು "ಡಾಯನ್" ಎಂದು ಹೆಸರಿಟ್ಟು ಹಿಂಸಿಸಿ ಓಡಿಸಿದರು. ಅವರು ಸುಮ್ಮನಾಗದೆ, ಅದೇ ಹೆಸರು ಹೊತ್ತ ಬೇರೆ ಹೆಂಗಸರ ರಕ್ಷಣೆಗೆ ನಿಂತರು. 2021ರಲ್ಲಿ ಭಾರತ ಸರ್ಕಾರ ಅವರಿಗೆ ಪದ್ಮಶ್ರೀ ನೀಡಿತು. ಬಿಹಾರ 1999ರಲ್ಲಿ ಇದರ ವಿರುದ್ಧ ಕಾಯ್ದೆ ತಂದಿತು, ಜಾರ್ಖಂಡ್ 2001ರಲ್ಲಿ ಅದನ್ನೇ ಅಳವಡಿಸಿಕೊಂಡಿತು. ಆ ಕಾಯ್ದೆಯಂತೆ ಒಬ್ಬರನ್ನು ಡಾಯನ್ ಎಂದು ಗುರುತಿಸಿ ಕರೆಯುವುದೇ ಅಪರಾಧ. ಮೂರು ತಿಂಗಳವರೆಗೆ ಸೆರೆ, ಇಲ್ಲವೇ ದಂಡ, ಇಲ್ಲವೇ ಎರಡೂ. ಒಂದು ಪದಕ್ಕೆ ಸೆರೆಮನೆ ಏಕೆಂದು ಕೇಳುವವರು ಆ ಪದ ಎಷ್ಟು ಮನೆ ಸುಟ್ಟಿದೆ ಎಂಬುದನ್ನು ನೋಡಬೇಕು. ಕರ್ನಾಟಕದಲ್ಲಿಯೂ ಮಾಟಮಂತ್ರದ ಹೆಸರಿನ ಅಮಾನವೀಯ ಆಚರಣೆಗಳನ್ನು ತಡೆಯುವ 2017ರ ಕಾಯ್ದೆ 2020ರ ಜನವರಿಯಿಂದ ಜಾರಿಯಲ್ಲಿದೆ.

ದಾಯಿ ಮತ್ತು ಡಾಯನ್

ಡಾಯನ್ ಎಂಬ ಪದ ಸಂಸ್ಕೃತದ "ಡಾಕಿನೀ" ಎಂಬುದರಿಂದ ಬಂದದ್ದು. ಬೌದ್ಧ ತಂತ್ರದಲ್ಲಿ ಡಾಕಿನಿ ಜ್ಞಾನ ನೀಡುವ ಪೂಜ್ಯಳು. ಹಿಂದಿ, ಉರ್ದುವಿಗೆ ಇಳಿಯುವಷ್ಟರಲ್ಲಿ ಮಕ್ಕಳನ್ನು ತಿನ್ನುವವಳಾದಳು. ಉರ್ದುವಿನಲ್ಲಿ ಇನ್ನೊಂದು ಪದವಿದೆ, "ದಾಯಿ". ಅದು ಪಾರಸಿಯ ದಾಯಾ ಎಂಬುದರಿಂದ ಬಂದದ್ದು. ಮಗುವನ್ನು ಸಾಕುವವಳು, ಹೆರಿಗೆ ಮಾಡಿಸುವವಳು. ಎರಡಕ್ಕೂ ಮೂಲದಲ್ಲಿ ಯಾವ ಸಂಬಂಧವೂ ಇಲ್ಲ. ಆದರೆ ಉರ್ದು ಲಿಪಿ ಬರೆಯುವವರಿಗೆ ಗೊತ್ತು, "ದಾಲ್" ಅಕ್ಷರದ ತಲೆಯ ಮೇಲೆ ಒಂದು ಪುಟ್ಟ "ತೋಯ್" ಗುರುತು ಇಟ್ಟರೆ ಅದು "ಡಾಲ್" ಆಗುತ್ತದೆ. ಬರಹದಲ್ಲಿ ಎಷ್ಟು ಸಣ್ಣ ಗುರುತೋ, ಬದುಕಿನಲ್ಲಿಯೂ ದಾಯಿಯನ್ನು ಡಾಯನ್ ಮಾಡಲು ಅಷ್ಟೇ ಸಾಕು. ಹತ್ತು ಹೆರಿಗೆ ಸುಸೂತ್ರವಾದರೆ ಆಕೆ ದಾಯಿ. ಹನ್ನೊಂದನೆಯ ಮಗು ಉಳಿಯದಿದ್ದರೆ ಆಕೆ ಬೇರೇನೋ.

ಕನ್ನಡದಲ್ಲಿ ಆಕೆಗೆ ಸೂಲಗಿತ್ತಿ ಎನ್ನುತ್ತೇವೆ. ಸೂಲು ಎಂದರೆ ಹೆರಿಗೆ. ನಮ್ಮ ನೆರೆಯ ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರು ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆಗಳನ್ನು ಹಣ ಪಡೆಯದೆ ಮಾಡಿಸಿದವರು. ಶಾಲೆಯ ಮೆಟ್ಟಿಲು ಹತ್ತದ ಅವರಿಗೆ ತುಮಕೂರು ವಿಶ್ವವಿದ್ಯಾನಿಲಯ ಗೌರವ ಡಾಕ್ಟರೇಟ್ ಕೊಟ್ಟಿತು, 2018ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷ ಡಿಸೆಂಬರ್ 25ರಂದು ತೀರಿಕೊಂಡರು. ಇಂಥ ಕೈಗಳು ಹಳ್ಳಿಹಳ್ಳಿಯಲ್ಲಿ ಇದ್ದವು. ಎಲ್ಲರಿಗೂ ಪದ್ಮಶ್ರೀ ಬರಲಿಲ್ಲ. ಕೆಲವರಿಗೆ ಬೇರೆ ಹೆಸರು ಬಂತು.

ನಮ್ಮ ಧರ್ಮದ ಮಾತು

ಇಷ್ಟು ಹೇಳಿದಾಗ ಹಿರಿಯರೊಬ್ಬರು ನನ್ನನ್ನು ಕೇಳಿದರು: "ಮೇಷ್ಟ್ರೇ, ಸಿಹ್ರ್ ಎಂಬುದು ಕುರ್‌ಆನಿನಲ್ಲಿಯೇ ಇದೆಯಲ್ಲ, ನೀವು ಇಲ್ಲವೆನ್ನುತ್ತೀರಾ?" ನಾನು ಇಲ್ಲವೆನ್ನುವುದಿಲ್ಲ. ಪವಿತ್ರ ಕುರ್‌ಆನಿನ ಅಲ್‌ಬಕರ ಅಧ್ಯಾಯದ 102ನೆಯ ವಚನದಲ್ಲಿ ಬಾಬಿಲಿನ ಹಾರೂತ್ ಮತ್ತು ಮಾರೂತರ ಪ್ರಸ್ತಾಪವಿದೆ. ಸಿಹ್ರ್ ಮಾಡುವುದನ್ನು ವಿನಾಶಕಾರಿಯಾದ ಏಳು ಮಹಾಪಾಪಗಳಲ್ಲಿ ಒಂದೆಂದು ಹದೀಸ್ ಎಣಿಸುತ್ತದೆ. ಅದು ಪಾಪವೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಅದನ್ನು ಇಂಥವರೇ ಮಾಡಿದರೆಂದು ಬೆರಳು ತೋರಿಸುವ ಅಧಿಕಾರವನ್ನು ನಮಗೆ ಯಾರು ಕೊಟ್ಟರು?

ಅದೇ 102ನೆಯ ವಚನ ಪ್ರವಾದಿ ಸುಲೈಮಾನರ (ಅ) ಮೇಲಿದ್ದ ಮಾಟದ ಆರೋಪವನ್ನು ಅಳಿಸಿಹಾಕುತ್ತದೆ. ಫಿರ್‌ಔನನು ಪ್ರವಾದಿ ಮೂಸಾರನ್ನು (ಅ) ಮಾಟಗಾರ ಎಂದ. ಮಕ್ಕಾದ ವಿರೋಧಿಗಳು ಪ್ರವಾದಿ ಮುಹಮ್ಮದರನ್ನೂ (ಸ) ಸಾಹಿರ್ ಎಂದು ಕರೆದರೆಂಬುದು ಸಾದ್ ಅಧ್ಯಾಯದಲ್ಲಿದೆ. ಯಾವ ಪ್ರವಾದಿ ಬಂದರೂ ಜನರು ಮಾಟಗಾರ ಅಥವಾ ಹುಚ್ಚ ಎಂದೇ ಹೇಳಿದರೆಂಬ ಮಾತು ಅದ್ದಾರಿಯಾತ್ ಅಧ್ಯಾಯದಲ್ಲಿದೆ. ಅಂದರೆ ಈ ಪದವನ್ನು ಆಯುಧದಂತೆ ಎಸೆದವರು ಯಾರು, ಅದರ ಏಟು ತಿಂದವರು ಯಾರು ಎಂಬುದನ್ನು ನಮ್ಮ ಗ್ರಂಥವೇ ತೋರಿಸುತ್ತದೆ. ನಾವು ಯಾರ ಸಾಲಿನಲ್ಲಿ ನಿಲ್ಲಬೇಕು?

ಅಲ್‌ಫಲಕ್ ಅಧ್ಯಾಯದಲ್ಲಿ ಗಂಟುಗಳಲ್ಲಿ ಊದುವವರ ಕೇಡಿನಿಂದ ರಕ್ಷಣೆ ಬೇಡುವ ಮಾತಿದೆ. ಅಲ್ಲಿಯ ಪದ ಅರಬಿಯಲ್ಲಿ ಸ್ತ್ರೀಲಿಂಗ ರೂಪದಲ್ಲಿದೆ. ಅದನ್ನು ಹಿಡಿದು ಮಾಟವೆಲ್ಲ ಹೆಂಗಸರದೇ ಎಂದು ಹೇಳುವವರಿದ್ದಾರೆ. ಆದರೆ ಅದು ಮಾಟ ಮಾಡುವ ಜೀವಗಳನ್ನು, ಗಂಡು ಹೆಣ್ಣು ಎರಡನ್ನೂ ಸೂಚಿಸುತ್ತದೆಂದು ವ್ಯಾಖ್ಯಾನಿಸಿದ ವಿದ್ವಾಂಸರೂ ಇದ್ದಾರೆ. ಪ್ರವಾದಿಯವರ (ಸ) ಮೇಲೆ ಮಾಟ ಮಾಡಿದವನೆಂದು ಹದೀಸ್ ಗ್ರಂಥಗಳು ಹೆಸರಿಸುವುದು ಲಬೀದ್ ಎಂಬ ಗಂಡಸನ್ನು.

ಅಲ್‌ಹುಜುರಾತ್ ಅಧ್ಯಾಯದ 11 ಮತ್ತು 12ನೆಯ ವಚನಗಳು ಈ ಲೇಖನದ ಜೀವಾಳ. ಒಬ್ಬರನ್ನೊಬ್ಬರು ಅಡ್ಡಹೆಸರಿನಿಂದ ಕರೆಯಬಾರದು, ಹೆಚ್ಚಿನ ಗುಮಾನಿಗಳಿಂದ ದೂರವಿರಬೇಕು, ಕೆಲವು ಗುಮಾನಿ ಪಾಪವೇ ಆಗಿದೆ ಎಂಬುದು ಅಲ್ಲಿಯ ಆದೇಶದ ಸಾರ. ಮಾಟಗಾತಿ ಎಂಬುದು ಅಡ್ಡಹೆಸರೂ ಹೌದು, ಗುಮಾನಿಯೂ ಹೌದು.

ಇನ್ನೊಂದು ಹೆಸರನ್ನು ನಮ್ಮ ಹೆಣ್ಣುಮಕ್ಕಳು ತಿಳಿದಿರಬೇಕು, ಶಿಫಾ ಬಿಂತ್ ಅಬ್ದುಲ್ಲಾಹ್ (ರ.ಅ.). ಶಿಫಾ ಎಂದರೆ ಗುಣವಾಗುವಿಕೆ. ಓದು ಬರಹ ಬಲ್ಲವರೇ ವಿರಳವಾಗಿದ್ದ ಕಾಲದಲ್ಲಿ ಅವರು ಬರೆಯಬಲ್ಲವರಾಗಿದ್ದರು. ಚರ್ಮದ ಒಂದು ಕಾಯಿಲೆಗೆ ಓದಿ ಊದುವ ಚಿಕಿತ್ಸೆಯನ್ನೂ ಬಲ್ಲವರಾಗಿದ್ದರು. ಪ್ರವಾದಿಯವರು (ಸ) ಅವರನ್ನು ಗುಮಾನಿಯಿಂದ ನೋಡಲಿಲ್ಲ. ಹಫ್ಸಾರಿಗೆ (ರ.ಅ.) ಬರಹ ಕಲಿಸಿದಂತೆ ಆ ಚಿಕಿತ್ಸೆಯನ್ನೂ ಕಲಿಸಿರೆಂದು ಹೇಳಿದರೆಂದು ಅಬೂ ದಾವೂದರ ಸಂಗ್ರಹದಲ್ಲಿದೆ. ಬಲ್ಲ ಹೆಣ್ಣನ್ನು ಅವರು ಶಿಕ್ಷಕಿಯನ್ನಾಗಿ ಮಾಡಿದರು.

ಕೊನೆ ಓಣಿಯ ಅಜ್ಜಿ

ಈಗ ಆ ಅಜ್ಜಿಯ ವಿಷಯ. ಅವರು ವಿಧವೆ, ಮಕ್ಕಳಿರಲಿಲ್ಲ. ಎರಡು ಓಣಿಗಳ ಅರ್ಧದಷ್ಟು ಮಕ್ಕಳು ಅವರ ಕೈಯಲ್ಲಿ ಹುಟ್ಟಿದವು. ಅದರಲ್ಲಿ ಎಲ್ಲ ಜಾತಿಯ ಮಕ್ಕಳೂ ಇದ್ದರು. ಬಾಣಂತಿಗೆ ಯಾವ ಕಷಾಯ, ಕೂಸಿನ ಹೊಟ್ಟೆನೋವಿಗೆ ಯಾವ ಸೊಪ್ಪು ಎಂಬುದು ಅವರಿಗೆ ಗೊತ್ತಿತ್ತು. ಸತ್ತ ಹೆಂಗಸರಿಗೆ ಗುಸ್ಲ್ ಕೊಡಲೂ ಅವರೇ ಬೇಕಾಗಿತ್ತು. ಆಮೇಲೆ ಹೆರಿಗೆಗಳು ಆಸ್ಪತ್ರೆಗೆ ಹೋದವು. ಅದು ಒಳ್ಳೆಯದೇ ಆಯಿತು, ತಾಯಿ ಮಕ್ಕಳ ಸಾವು ಕಡಿಮೆಯಾಯಿತು. ಆದರೆ ಅವರಿಗೆ ಕೆಲಸ ಉಳಿಯಲಿಲ್ಲ. ಸೊಪ್ಪು ಹುಡುಕುತ್ತಾ ಬೇಲಿಸಾಲಿನಲ್ಲಿ ಅಲೆಯುವ ಅಭ್ಯಾಸ ಉಳಿಯಿತು. ಒಂದು ಮನೆಯ ಮಗು ಜ್ವರದಲ್ಲಿ ತೀರಿಕೊಂಡಾಗ, ಅದರ ಹಿಂದಿನ ದಿನ ಅಜ್ಜಿ ಅದರ ಕೆನ್ನೆ ಸವರಿದ್ದನ್ನು ಯಾರೋ ನೆನಪು ಮಾಡಿಕೊಂಡರು. ಅಷ್ಟೇ. ರಮಜಾನಿನಲ್ಲಿ ಅವರ ಮನೆಗೆ ಹೋಗುತ್ತಿದ್ದ ಇಫ್ತಾರಿನ ತಟ್ಟೆಗಳು ನಿಂತವು.

ನಾನು ಐದನೆಯ ತರಗತಿಯಲ್ಲಿದ್ದಾಗ ಗೆಳೆಯರ ಜೊತೆ ಅವರ ಬಾಗಿಲಿಗೆ ಕಲ್ಲೆಸೆದು ಓಡಿದ್ದೇನೆ. ಮನೆಗೆ ಸುದ್ದಿ ಮುಟ್ಟಿದಾಗ ಅಮ್ಮೀ ಹೊಡೆಯಲಿಲ್ಲ. "ತೇರೇಕು ಪೈಲೇ ಪಕಡೇ ಸೋ ಹಾತಾಂ ಉನೋಕೇಚ್" ಎಂದರು. ನಿನ್ನನ್ನು ಮೊದಲು ಹಿಡಿದುಕೊಂಡ ಕೈ ಅವರದೇ ಎಂದು ಅದರ ಅರ್ಥ. ಆ ದಿನದಿಂದ ಕಲ್ಲೆಸೆಯಲಿಲ್ಲ. ಆದರೆ ಬೇರೆಯವರು ಆ ಪದ ಬಳಸಿದಾಗ ತಡೆಯಲೂ ಇಲ್ಲ. ಬಿ.ಎಡ್. ಮುಗಿಸಿ ಮೇಷ್ಟ್ರಾದ ಮೇಲೂ ತಡೆಯಲಿಲ್ಲ. ಆ ನಿಂಬೆಹಣ್ಣಿನ ಬೆಳಿಗ್ಗೆಯ ತನಕ ಸುಮ್ಮನಿದ್ದೆ.

ಮರುವರ್ಷ ಅಜ್ಜಿ ತೀರಿಕೊಂಡರು. ಊರಿನ ಎಷ್ಟೋ ಹೆಂಗಸರಿಗೆ ಗುಸ್ಲ್ ಕೊಟ್ಟವರಿಗೆ ಗುಸ್ಲ್ ಕೊಡಲು ಯಾರೂ ಮುಂದೆ ಬರಲಿಲ್ಲ. ಮುಟ್ಟಿದರೆ ಏನಾದರೂ ಆದೀತೆಂಬ ಅಂಜಿಕೆ. ಕೊನೆಗೆ ಮಂಡಿನೋವಿನ ಅಮ್ಮೀ ಕೋಲೂರಿಕೊಂಡು ಹೋದರು. ಅವರನ್ನು ಕಂಡು ಇನ್ನಿಬ್ಬರು ಬಂದರು. ಮನೆಯ ಸಾಮಾನು ತೆಗೆಯುವಾಗ ಸಿಕ್ಕಿದ್ದು ಒಂದು ಮುಸಲ್ಲಾ, ಒಣಗಿದ ಬೇರುಗಳ ಗಂಟು, ಹೊಕ್ಕುಳಬಳ್ಳಿ ಕಟ್ಟಲು ಇಟ್ಟುಕೊಂಡಿದ್ದ ಬಿಳಿ ದಾರದ ಉಂಡೆ. ಜನರು ಇಷ್ಟು ವರ್ಷ ಅಂಜಿದ್ದ ಮಾಟದ ಸಾಮಾನು ಅಷ್ಟೇ.

ಅಂದು ಜನಾಜಾದ ಹಿಂದೆ ನಾಲ್ಕು ಹೆಜ್ಜೆ ನಡೆಯಲು ನನ್ನ ತರಗತಿಯ ಕೆಲವು ಹುಡುಗರು ಬಂದಿದ್ದರು. ನಿಂಬೆಹಣ್ಣು ಮುಟ್ಟಬೇಡಿ ಎಂದು ನನ್ನ ಕೈ ಹಿಡಿದವನೂ ಅವರಲ್ಲಿದ್ದ.

ಪ್ರಿಯ ವಿದ್ಯಾರ್ಥಿಗಳೇ, ಪದಗಳ ಬೇರನ್ನು ಹುಡುಕುವುದು ಪರೀಕ್ಷೆಯ ಅಂಕಗಳಿಗಾಗಿ ಮಾತ್ರವಲ್ಲ. ನಮ್ಮ ನಾಲಿಗೆಯ ಮೇಲೆ ಕುಳಿತ ಪದ ಎಲ್ಲಿಂದ ಬಂತು, ಎಲ್ಲಿ ಹೋಗಿ ಯಾರಿಗೆ ತಾಗುತ್ತದೆ ಎಂದು ತಿಳಿಯುವುದೂ ವಿದ್ಯೆಯೇ. ನಿಮ್ಮ ಓಣಿಯಲ್ಲಿ ಒಂಟಿಯಾಗಿರುವ ಮುದುಕಿಯೊಬ್ಬರಿದ್ದರೆ ಒಂದು ದಿನ ಸಲಾಮ್ ಹೇಳಿ ಅವರ ಪಕ್ಕದಲ್ಲಿ ಕುಳಿತುಕೊಳ್ಳಿ. ಅವರಿಗೆ ಏನೇನು ಮಾಡಲು ಬರುತ್ತದೆಂದು ಕೇಳಿ, ಬರೆದಿಟ್ಟುಕೊಳ್ಳಿ. ಮಾಟ ಎಂಬ ಪದಕ್ಕೆ ಅದರ ಮೊದಲಿನ ಅರ್ಥ ಹಾಗೆ ಮರಳಿ ಬಂದೀತು.

ಅಲ್ಲಾಹನು ನಮ್ಮ ನಾಲಿಗೆಯನ್ನು ಗುಮಾನಿಯಿಂದ ಕಾಪಾಡಲಿ, ಅಂಥ ಎಲ್ಲ ತಾಯಂದಿರ ತಪ್ಪುಗಳನ್ನು ಮನ್ನಿಸಿ ಅವರ ಸೇವೆಯನ್ನು ಸ್ವೀಕರಿಸಲಿ. ಆಮೀನ್.